ನೋಟ್‌ಬುಕ್ಕೋ, ರಿಂಗ್ ಡೈರಿಯೋ?



ಕಾಲೇಜು, ಕ್ಲಾಸು, ಕೆಲಸ, ಸಂಘದ ನಾಟಕದ ರಿಹರ್ಸಲ್ಲು ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡರೆ ಏನಾದರೊಂದು ತಪ್ಪಿಹೋಗುವುದು ಖಂಡಿತ. ಬರೆದಿಡಬೇಕು, ಸರಿ. ಆದರೆ ಯಾವುದರಲ್ಲಿ? ಹೊಲಿದ ಸಾದಾ ನೋಟ್‌ಬುಕ್ಕಿನಲ್ಲೋ, ಹಾಳೆ ತೆಗೆದು ಹಾಕಬಹುದಾದ ರಿಂಗ್ ಡೈರಿಯಲ್ಲೋ?

ಜರ್ಮನಿಯ ಫ್ರೀಡ್ರಿಶ್ ಸೋನೆಕೆನ್ ರಿಂಗ್ ಬೈಂಡರನ್ನು ರೂಪಿಸಿದ್ದು 1886ರಲ್ಲಿ. ಅದಕ್ಕೂ ಶತಮಾನಗಳ ಮೊದಲೇ ನಮ್ಮ ಹಿರಿಯರು ಓಲೆಗರಿಗೆ ತೂತು ಕೊರೆದು ದಾರ ಪೋಣಿಸಿ ಕಟ್ಟುತ್ತಿದ್ದರು. ಗರಿ ಸೇರಿಸುವುದು ಸುಲಭ. ದಾರ ಕಡಿದರೆ ಕಳೆದುಹೋಗುವುದೂ ಅಷ್ಟೇ ಸುಲಭ. ನಮ್ಮ ಘಾಟ್ಕೋಪರಿನ ಗುಜರಾತಿ ವ್ಯಾಪಾರಿಗಳು ದೀಪಾವಳಿಗೆ ಪೂಜಿಸುವ ಕೆಂಪು ಚೋಪಡಾ ನೋಡಿದ್ದೀರಲ್ಲ? ಅದು ಹೊಲಿದ ಪುಸ್ತಕ. ಹಾಳೆ ಕಿತ್ತರೆ ಗುರುತು ಉಳಿಯುತ್ತದೆ. ಲೆಕ್ಕಕ್ಕೆ ಅದೇ ಭದ್ರತೆ.

ಹಾಗಾಗಿ ಕೆಲಸ ನೋಡಿ ಆರಿಸಿ. ವಿಳಾಸ, ವಿಷಯವಾರು ಟಿಪ್ಪಣಿ, ಆಗಾಗ ಬದಲಾಗುವ ವೇಳಾಪಟ್ಟಿಗೆ ರಿಂಗ್ ಡೈರಿ ಒಳ್ಳೆಯದು; ಅದು ಮನೆಯ ಮೇಜಿನ ಮೇಲಿರಲಿ. ದಿನದ ಕೆಲಸಕ್ಕೆ ಜೇಬಿನ ನೋಟ್‌ಬುಕ್ಕೇ ವಾಸಿ. ಸಂಜೆಯ ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಯ ಮೇಲಿರುವಾಗ ರಿಂಗ್ ಬಿಚ್ಚಲಾದೀತೇ? ಮಾಡದೆ ಉಳಿದ ಕೆಲಸದ ಹಾಳೆಯನ್ನು ಮೆಲ್ಲನೆ ತೆಗೆದುಬಿಡುವ ಆಸೆಯೂ ನೋಟ್‌ಬುಕ್ಕಿನಲ್ಲಿ ಹುಟ್ಟದು.

ಇನ್ನೊಂದು ಮಾತು. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುವ ನಿಮ್ಮಲ್ಲಿ ಅನೇಕರಿಗೆ ಕನ್ನಡ ಬರೆಯಲು ಕೈ ಓಡುವುದಿಲ್ಲ. ದಿನದ ಪಟ್ಟಿಯ ಒಂದು ಸಾಲನ್ನಾದರೂ ಕನ್ನಡದಲ್ಲಿ ಬರೆಯಿರಿ: 'ಅಜ್ಜಿಗೆ ಫೋನು', 'ಹಾಲಿನ ಬಿಲ್ಲು'. ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ, ನೋಡುವವರು ನೀವೊಬ್ಬರೇ. ವರ್ಷ ಮುಗಿಯುವಾಗ ನಿಮ್ಮ ಕೈಬರಹದ ಮುನ್ನೂರು ಸಾಲು ಕನ್ನಡ ಅಲ್ಲಿರುತ್ತದೆ.