ಕೆಲಸ ಹೋದದ್ದನ್ನು ಯಾರಿಗೆ ಹೇಳಬೇಕು?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಒಬ್ಬರನ್ನು ಕೆಲಸದಿಂದ ತೆಗೆಯುವುದಕ್ಕೆ ಈಗ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎಚ್‌ಆರ್‌ನವರ ಜೊತೆ ಒಂದು ಸಣ್ಣ ಮೀಟಿಂಗ್, ರಾಜೀನಾಮೆ ನೀವೇ ಕೊಟ್ಟುಬಿಟ್ಟರೆ ನಿಮಗೇ ಒಳ್ಳೆಯದು ಎಂಬ ಹಿತವಚನ, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್. ಹೊರಬಿದ್ದವರು ರೆಸ್ಯೂಮೆ ತಿದ್ದುವುದಕ್ಕೂ ಮೊದಲು ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ: ಈ ಸುದ್ದಿಯನ್ನು ಯಾರಿಗೆ ಹೇಳುವುದು? ಬಹಳ ಜನ ಯಾರಿಗೂ ಬೇಡ ಎಂದುಕೊಳ್ಳುತ್ತಾರೆ. ಮನೆಯಲ್ಲಿ ಹೆಂಡತಿಗೋ ಗಂಡನಿಗೋ ಗೊತ್ತಿರುತ್ತದೆ. ಊರಲ್ಲಿರುವ ಅಪ್ಪ ಅಮ್ಮನಿಗೆ ವರ್ಕ್ ಫ್ರಮ್ ಹೋಮ್ ಕೊಟ್ಟಿದ್ದಾರೆ ಎಂದು ಹೇಳಿದರೆ ಸಾಕು. ಹೊಸ ಕೆಲಸ ಸಿಕ್ಕಿದ ಮೇಲೆ ಎರಡನ್ನೂ ಒಟ್ಟಿಗೇ ತಿಳಿಸಿದರಾಯಿತು ಎಂಬ ಲೆಕ್ಕ. ಈ ಲೆಕ್ಕದಿಂದ ಹೊಸ ಕೆಲಸವೇ ದೂರವಾಗುತ್ತದೆ ಎಂಬುದು ನನ್ನ ವಾದ. ಹಾಗೆ ಮುಚ್ಚಿಡುವಂತೆ ಮಾಡಿದ್ದರಲ್ಲಿ ಬೇರೆಯವರ ಪಾಲೇ ಹೆಚ್ಚು ಎಂಬುದೂ ಆ ವಾದದಲ್ಲೇ ಸೇರಿದೆ.

ಜನರಿಗೆ ಕೆಲಸ ಹೇಗೆ ಸಿಕ್ಕಿತು ಎಂದು ಅವರನ್ನೇ ಕೇಳಿ ನೋಡಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್. ಬೋಸ್ಟನ್ ಪಕ್ಕದ ನ್ಯೂಟನ್‌ನಲ್ಲಿ ಕೆಲಸ ಬದಲಿಸಿದ್ದ ತಾಂತ್ರಿಕ, ವೃತ್ತಿಪರ ಮತ್ತು ಆಡಳಿತ ಹುದ್ದೆಗಳವರನ್ನು ಅವರು ಮಾತಾಡಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಸಿಕ್ಕಿದ್ದು ಪರಿಚಯಸ್ಥರ ಮೂಲಕ. ಇದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯವಿದ್ದದ್ದು ಮುಂದಿನ ಪ್ರಶ್ನೆಯ ಉತ್ತರದಲ್ಲಿ. ಆ ಪರಿಚಯಸ್ಥರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ ಎಂದಾಗ, ವಾರಕ್ಕೆ ಎರಡು ಸಲವಾದರೂ ಎಂದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು 56. ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತಲೂ ಅಪರೂಪ ಎಂದವರು 28. ಈ ಅಂಕಿಗಳು 1973ರ ಅವರ ಪ್ರಸಿದ್ಧ ಪ್ರಬಂಧದಲ್ಲಿವೆ. ಐದು ದಶಕ ಕಳೆದ ಮೇಲೆ, 2022ರಲ್ಲಿ, ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದೂ ಹೆಚ್ಚುಕಡಿಮೆ ಇದೇ ದಿಕ್ಕನ್ನು ತೋರಿಸಿತು. ತೀರಾ ಅಪರಿಚಿತರಿಂದ ಅಷ್ಟು ಪ್ರಯೋಜನವಿಲ್ಲ, ತೀರಾ ಆಪ್ತರಿಂದಲೂ ಇಲ್ಲ, ನಡುವೆ ಇರುವ ಸಾಧಾರಣ ಗುರುತಿನವರಿಂದಲೇ ಕೆಲಸ ಬದಲಾಗುವುದು ಹೆಚ್ಚು.

ಕಾರಣ ಸರಳ. ದಿನವೂ ಜೊತೆಯಲ್ಲಿ ಕಾಫಿ ಕುಡಿಯುವ ಗೆಳೆಯನಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹಿಂದಿನ ಪ್ರಾಜೆಕ್ಟಿನಲ್ಲಿದ್ದ ಟೆಸ್ಟರ್, ಪಿಜಿಯಲ್ಲಿ ಪಕ್ಕದ ರೂಮಿನಲ್ಲಿದ್ದವನು, ಕಾಲೇಜಿನ ಸೀನಿಯರ್, ಇಂಥವರು ಓಡಾಡುವ ಲೋಕವೇ ಬೇರೆ. ಅಲ್ಲಿ ಖಾಲಿಯಿರುವ ಕುರ್ಚಿಯ ಸುದ್ದಿ ನಮಗೆ ತಾನಾಗಿ ಬರುವುದಿಲ್ಲ. ಬೆಂಗಳೂರಿನ ಕಂಪನಿಗಳು ತಮ್ಮ ನೌಕರರಿಗೆ ರೆಫರಲ್ ಬೋನಸ್ ಕೊಡುವುದೂ ಇದೇ ಕಾರಣಕ್ಕೆ. ಹೆಸರು ಸೂಚಿಸಿದವರಿಗೂ ನಾಲ್ಕು ಕಾಸು ಬರುತ್ತದೆ, ಅವರ ಮುಂದೆ ದೇಹಿ ಎಂದು ನಿಲ್ಲಬೇಕಾಗಿಲ್ಲ. ಆದರೆ ಕೆಲಸ ಕಳೆದುಕೊಂಡವರು ಹೇಳಿಕೊಳ್ಳುವುದು ಮನೆಯವರಿಗೆ, ಒಬ್ಬಿಬ್ಬರು ಜೀವದ ಗೆಳೆಯರಿಗೆ. ಸಮಾಧಾನ ಹೇಳಬಲ್ಲವರಿಗೆಲ್ಲ ಸುದ್ದಿ ತಲುಪುತ್ತದೆ, ಕೆಲಸ ಹೇಳಬಲ್ಲವರಿಗೆ ತಲುಪುವುದಿಲ್ಲ.

ಅಷ್ಟು ಗೊತ್ತಿದ್ದೂ ಯಾಕೆ ಬಾಯಿ ಬಿಡುವುದಿಲ್ಲ? ಬರೀ ನಾಚಿಕೆ ಎಂದು ಬಿಟ್ಟುಬಿಡುವಂತಿಲ್ಲ. ಬಾಡಿಗೆ ಮನೆಯ ಓನರ್, ಮನೆ ಸಾಲ ಕೊಟ್ಟ ಬ್ಯಾಂಕು, ಮಾತುಕತೆಯ ಹಂತದಲ್ಲಿರುವ ಹೆಣ್ಣಿನ ಕಡೆಯವರು ಇವರೆಲ್ಲರ ಮುಂದೆ ನಿರುದ್ಯೋಗಕ್ಕೆ ನಿಜವಾದ ಬೆಲೆಯಿದೆ. ಇವರಿಂದ ಮುಚ್ಚಿಡುವವನನ್ನು ಅವಿವೇಕಿ ಎನ್ನಲಾರೆ. ತೊಂದರೆಯೇನೆಂದರೆ ಮುಚ್ಚಿಡುವುದು ಒಮ್ಮೆ ಅಭ್ಯಾಸವಾದರೆ ಯಾರಿಂದ ಮುಚ್ಚಿಡಬೇಕು, ಯಾರಿಂದ ಬೇಡ ಎಂಬ ವಿವೇಚನೆ ಉಳಿಯುವುದಿಲ್ಲ. ಮದುವೆ ಮನೆಗೆ ಹೋಗುವುದು ನಿಲ್ಲುತ್ತದೆ, ಹಳೆಯ ಟೀಮಿನ ವಾಟ್ಸಾಪ್ ಗುಂಪಿನಲ್ಲಿ ಮಾತು ನಿಲ್ಲುತ್ತದೆ.

ಬಿಡುವು ಸಿಕ್ಕವರು ಇನ್ನಷ್ಟು ಚುರುಕಾಗಿ ಹುಡುಕುತ್ತಾರೆ ಎಂದು ನಾವು ಭಾವಿಸುತ್ತೇವೆ. ಆಸ್ಟ್ರಿಯಾದ ಮರೀನ್‌ಟಾಲ್ ಎಂಬ ಹಳ್ಳಿಯ ಅನುಭವ ಬೇರೆಯೇ. ವಿಯೆನ್ನಾದ ಹತ್ತಿರದ ಆ ಹಳ್ಳಿ ಬದುಕಿದ್ದು ಒಂದು ಬಟ್ಟೆ ಗಿರಣಿಯ ಮೇಲೆ, ಅದು ಆರ್ಥಿಕ ಕುಸಿತದಲ್ಲಿ ಮುಚ್ಚಿತು. ಮರಿ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಅಲ್ಲಿನ ದಿನಚರಿಯನ್ನು ಅಭ್ಯಾಸ ಮಾಡಿ 1933ರಲ್ಲಿ ಪುಸ್ತಕ ಪ್ರಕಟಿಸಿದರು. ಜನರ ಕೈಯಲ್ಲಿ ದಿನವಿಡೀ ಬಿಡುವು, ಗ್ರಂಥಾಲಯದ ಶುಲ್ಕವನ್ನೂ ತೆಗೆದುಹಾಕಿದ್ದರು, ಆದರೂ ಓದಲು ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗಂಡಸರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟರು, ರಸ್ತೆಯಲ್ಲಿ ನಡೆಯುವ ವೇಗ ತಗ್ಗಿತು. ದಿನಕ್ಕೆ ಎಂಟು ಗಂಟೆ ಕೆಲಸ ಹುಡುಕು ಎಂದು ಉಪದೇಶ ಮಾಡುವವರು ಈ ಪುಸ್ತಕವನ್ನೊಮ್ಮೆ ನೋಡಬೇಕು. ಹುಡುಕುವ ಶಕ್ತಿಯನ್ನು ಕೊಡುವುದೂ ಕೆಲಸವೇ, ಕೆಲಸದ ಜೊತೆಗೇ ಅದೂ ಹೋಗುತ್ತದೆ.

ಕೆಲಸ ಕೊಡುವವರ ಕಡೆಯ ಸಂಗತಿ ಇನ್ನೂ ಕೆಟ್ಟದು. ಕ್ರಾಫ್ಟ್, ಲ್ಯಾಂಗ್, ನೊಟೊವಿಡಿಗ್ಡೊ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದ ನೂರು ನಗರಗಳಲ್ಲಿ ಸುಮಾರು 12,000 ಕಾಲ್ಪನಿಕ ಅರ್ಜಿಗಳನ್ನು ಕಳಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಖಾಲಿ ಕೂತ ಅವಧಿ ಬೆಳೆದಂತೆ ಇಂಟರ್‌ವ್ಯೂಗೆ ಕರೆ ಬರುವುದು ಕಡಿಮೆಯಾಗುತ್ತದೆ. ಕುಸಿತದ ಹೆಚ್ಚಿನ ಪಾಲು ಮೊದಲ ಎಂಟು ತಿಂಗಳಲ್ಲೇ ಆಗಿಹೋಗುತ್ತದೆ. ಅರ್ಜಿಗಳು ಕಾಲ್ಪನಿಕವಾದ್ದರಿಂದ ಅರ್ಹತೆ ಕುಂದಿತ್ತು ಎನ್ನುವಂತಿಲ್ಲ, ಕುಂದಿದ್ದು ಓದುವವರ ಕಣ್ಣಿನಲ್ಲಿ. ಇದೇ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯವೆನಿಸುತ್ತದೆ: ನಿರುದ್ಯೋಗ ಹೆಚ್ಚಾಗಿರುವ ಊರುಗಳಲ್ಲಿ ಈ ಕಳಂಕ ಅಷ್ಟಾಗಿ ಅಂಟುವುದಿಲ್ಲ. ಎಲ್ಲರ ಕೆಲಸವೂ ಹೋಗಿದ್ದರೆ ಕಾಲ ಕೆಟ್ಟಿತು ಎನ್ನುತ್ತಾರೆ. ಒಬ್ಬನದು ಮಾತ್ರ ಹೋಗಿದ್ದರೆ ಇವನಲ್ಲೇ ಏನೋ ಐಬಿದೆ ಎನ್ನುತ್ತಾರೆ.

ನಮ್ಮಲ್ಲಿ ಮೊದಲನೆಯದಕ್ಕೆ ಉದಾಹರಣೆ ಕೆಜಿಎಫ್. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಸಾವಿರಾರು ಮನೆಗಳ ಸಂಬಳ ಒಟ್ಟಿಗೇ ನಿಂತಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಚಿನ್ನ ತೆಗೆದವರ ಮಕ್ಕಳು ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಸೆಕ್ಯೂರಿಟಿ ಕೆಲಸಕ್ಕೆ, ಹೌಸ್‌ಕೀಪಿಂಗ್‌ಗೆ ಹೋಗಿಬರತೊಡಗಿದರು. ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಬೇಕಾಗಿರಲಿಲ್ಲ. ರೈಲಿನ ಬೋಗಿಯಲ್ಲಿ ಬಾಯಿಂದ ಬಾಯಿಗೆ ಕೆಲಸದ ಸುದ್ದಿ ಹರಡುತ್ತಿತ್ತು. ಆದರೆ ಎಂಥ ಕೆಲಸದ ಸುದ್ದಿ? ಬಹುಪಾಲು ತಮಿಳು ದಲಿತ ಕುಟುಂಬಗಳ ಆ ಊರಿಗೆ ದೊಡ್ಡ ಕಚೇರಿಗಳ ಒಳಗೆ ಕೂತ ಪರಿಚಯಸ್ಥರು ಎಷ್ಟಿದ್ದಾರು!

ಪರಿಚಯಸ್ಥರಿಗೆ ಹೇಳಿ ಎಂಬ ನನ್ನ ಮಾತು ಕುಂಟುವುದು ಇಲ್ಲೇ. ಪರಿಚಯವೂ ಒಂದು ಆಸ್ತಿ, ಅದು ಜಾತಿ ಮತ್ತು ವರ್ಗಗಳ ಪ್ರಕಾರವೇ ಹಂಚಿಹೋಗಿದೆ. ಹಾಗಾದರೆ ಪರಿಚಯ ಬಿಟ್ಟು ಬರೀ ಅರ್ಜಿ ಹಾಕಿದರೆ ನ್ಯಾಯ ಸಿಗುತ್ತದೆಯೇ? ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಪತ್ರಿಕೆಗಳ ಜಾಹೀರಾತಿಗೆ ಒಂದೇ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳಿಸಿದ್ದರು. ಮೇಲ್ಜಾತಿ ಹಿಂದೂ ಹೆಸರಿಗೆ ಬಂದಷ್ಟು ಕರೆಗಳು ದಲಿತ ಹೆಸರಿಗೆ ಬರಲಿಲ್ಲ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅಲ್ಲಿಗೆ ಅರ್ಜಿಯ ದಾರಿಯೂ ಸಮತಟ್ಟಾಗಿಲ್ಲ.

ಎರಡನೆಯ ಬಗೆಯವರು, ಅಂದರೆ ಒಬ್ಬೊಬ್ಬರಾಗಿ ಹೊರಬೀಳುವವರು, ಐಟಿ ಕಂಪನಿಗಳ ಈಗಿನ ಪದ್ಧತಿಯ ಸೃಷ್ಟಿ. ನೂರು ಜನರನ್ನು ತೆಗೆದರೂ ನೂರು ರಾಜೀನಾಮೆಗಳಾಗಿ ತೆಗೆದರೆ ಅದು ಸುದ್ದಿಯಾಗುವುದಿಲ್ಲ. ನೌಕರರು ಸಹಿ ಹಾಕುವುದೇಕೆಂದರೆ ಮುಂದಿನ ಕಂಪನಿ ರಿಲೀವಿಂಗ್ ಲೆಟರ್ ಕೇಳುತ್ತದೆ, ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸುತ್ತದೆ. ತೆಗೆದುಹಾಕಲಾಯಿತು ಎಂಬ ಷರಾ ಯಾರಿಗೂ ಬೇಡ. ಆದರೆ ಆ ಸಹಿಯ ಜೊತೆ ಹೋಗುವುದೇನು ಎಂದು ನೋಡಬೇಕು. ವರ್ಷ ತುಂಬಿದ ಕಾರ್ಮಿಕನನ್ನು ಕಡಿತ ಮಾಡುವುದಾದರೆ ಒಂದು ತಿಂಗಳ ನೋಟಿಸ್, ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸಂಬಳ ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಇನ್ನೂ 15 ದಿನಗಳ ಸಂಬಳವನ್ನು ಮರುಕೌಶಲ ನಿಧಿಗೆ ಮಾಲೀಕರು ಕಟ್ಟಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಆ ಹಣ ಕೆಲಸ ಕಳೆದುಕೊಂಡವರ ಖಾತೆಗೆ ಬರಬೇಕು. ಒಂದು ವರ್ಷದೊಳಗೆ ಅದೇ ಜಾಗಕ್ಕೆ ಮತ್ತೆ ನೇಮಕ ಮಾಡಿಕೊಂಡರೆ ತೆಗೆದವರಿಗೇ ಮೊದಲ ಅವಕಾಶ. ಮ್ಯಾನೇಜರ್ ಮಟ್ಟದವರಿಗೆ ಇದು ಯಾವುದೂ ಅನ್ವಯಿಸುವುದಿಲ್ಲ, ನಿಜ. ಆದರೆ ತಾನು ಕಾರ್ಮಿಕನೋ ಅಲ್ಲವೋ ಎಂದು ವಾದಿಸುವ ಅವಕಾಶವೂ ತಾನೇ ರಾಜೀನಾಮೆ ಬರೆದುಕೊಟ್ಟವನಿಗೆ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಸರ್ಕಾರದ ಕಡೆಯಿಂದ ಇರುವ ಆಸರೆ ತುಂಡು ತುಂಡಾದದ್ದು. ಕರ್ನಾಟಕದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಕೊಡುತ್ತದೆ, ಆದರೆ ಅದು ಹೊಸದಾಗಿ ಓದು ಮುಗಿಸಿದವರಿಗೆ. ಇಎಸ್‌ಐ ಅಡಿಯ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಶುರುವಾಯಿತು, ಕೆಲಸ ಹೋದವರಿಗೆ 90 ದಿನಗಳವರೆಗೆ ಕೂಲಿಯ ಕಾಲುಭಾಗ ಕೊಡುವುದಕ್ಕೆ. ಕೋವಿಡ್ ಕಾಲದಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ತಿಂಗಳಿಗೆ 21,000 ರೂಪಾಯಿ ದಾಟಿದ ಸಂಬಳದವರನ್ನು ಇಎಸ್‌ಐಗೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ನಡುವಿನ ದೊಡ್ಡ ಗುಂಪಿಗೆ ಪಿಎಫ್ ಹಣವೇ ಗತಿ, ಮುಪ್ಪಿನ ಗಂಟನ್ನು ಈಗಲೇ ಬಿಚ್ಚುವುದು. ಕೈಯಲ್ಲಿ ಆರು ತಿಂಗಳ ಖರ್ಚಿನ ಹಣವಿದ್ದವರು ತಮಗೆ ಹೊಂದುವ ಕೆಲಸಕ್ಕೆ ಕಾಯುತ್ತಾರೆ, ಇಲ್ಲದವರು ಸಿಕ್ಕಿದ್ದನ್ನು ಹಿಡಿಯುತ್ತಾರೆ.

ಇಷ್ಟರ ನಡುವೆಯೂ ಬಾಯಿ ಬಿಡುವುದರಿಂದ ಲಾಭವಿದೆ ಎನ್ನುವುದಕ್ಕೆ ಬೆಂಗಳೂರಿನದ್ದೇ ಒಂದು ಕಾರಣವಿದೆ. ಇಲ್ಲಿ ಬಹಳ ಕಂಪನಿಗಳಲ್ಲಿ ನೋಟಿಸ್ ಪೀರಿಯಡ್ 90 ದಿನ. ಇನ್ನೊಂದು ಕಡೆ ಆಫರ್ ಪಡೆದವರು ಆ ಮೂರು ತಿಂಗಳಲ್ಲಿ ಇನ್ನೂ ಎರಡು ಆಫರ್ ಹಿಡಿದು ಕೊನೆಗೆ ಕೈಕೊಡುವುದು ನೇಮಕಾತಿ ಮಾಡುವವರಿಗೆಲ್ಲ ಗೊತ್ತು. ನಾಳೆಯೇ ಬರಬಲ್ಲೆ ಎನ್ನುವವರು ಅವರಿಗೆ ಬೇಕಾದವರೇ. ಅಷ್ಟರಲ್ಲಿ ಬೇರೆ ಆಫರ್ ಇಲ್ಲದೆ ಯಾಕೆ ಬಿಟ್ಟಿರಿ ಎಂಬ ಪ್ರಶ್ನೆ ಬರುತ್ತದೆ. ಆಗ ವೈಯಕ್ತಿಕ ಕಾರಣ ಎಂದು ತೊದಲಿದರೆ ಅನುಮಾನ ಹುಟ್ಟುತ್ತದೆ. ಪ್ರಾಜೆಕ್ಟ್ ನಿಂತಿತು, ಟೀಮನ್ನೇ ತೆಗೆದರು ಎಂದರೆ ಅಲ್ಲಿಗೆ ಮುಗಿಯಿತು. ಮೇಜಿನ ಆ ಬದಿಯಲ್ಲಿ ಕೂತವರ ಬಳಗದಲ್ಲೂ ಹಾಗೆ ಹೊರಬಿದ್ದವರು ಇದ್ದೇ ಇರುತ್ತಾರೆ. ಮಗುವಿಗಾಗಿ ಎರಡು ವರ್ಷ ಮನೆಯಲ್ಲಿದ್ದ ಹೆಂಗಸರಿಗೆ ಮಾತ್ರ ಇಂಥ ನೇರ ಉತ್ತರ ಅಷ್ಟು ಸುಲಭವಾಗಿ ನಡೆಯುವುದಿಲ್ಲ, ಅವರನ್ನು ಮಗು ಈಗ ಯಾರ ಹತ್ತಿರ ಇದೆ ಎಂದು ಕೇಳುತ್ತಾರೆ.

ನಿಜ ಹೇಳಿದವರಿಗೂ ಕೊನೆಯಲ್ಲೊಂದು ಗೇಟು ಕಾದಿರುತ್ತದೆ: ಹಿಂದಿನ ಮೂರು ತಿಂಗಳ ಸ್ಯಾಲರಿ ಸ್ಲಿಪ್. ಸಂಬಳ ನಿಂತಿದೆ ಎಂದು ಖಚಿತವಾದ ಕೂಡಲೇ ಹೈಕ್ ಮಾತು ಬಿಟ್ಟು ಹಳೆಯ ಸಿಟಿಸಿಗೂ ಕಡಿಮೆಗೆ ಚೌಕಾಸಿ ಶುರುವಾಗುತ್ತದೆ. ಆಫರ್ ಕೊಡುವ ಮೊದಲು ಹಿಂದಿನ ಸಂಬಳ ಕೇಳುವಂತಿಲ್ಲ ಎಂದು ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲೇ ಕಾನೂನು ಮಾಡಿತು, ಆಮೇಲೆ ಅಮೆರಿಕದ ಇನ್ನೂ ಹಲವು ರಾಜ್ಯಗಳು ಅದನ್ನು ಅನುಸರಿಸಿದವು. ಹೆಂಗಸರಿಗೆ ಕಡಿಮೆ ಸಂಬಳ ಕೊಡುವ ಚಾಳಿ ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟಬಾರದು ಎಂಬುದು ಅದರ ಉದ್ದೇಶ. ಕೆಲಸ ಕಳೆದುಕೊಂಡವರಿಗೂ ಅದು ಅಷ್ಟೇ ಒದಗುತ್ತದೆ. ಹೊಸ ಹುದ್ದೆಗೆ ಇಷ್ಟು ಬೆಲೆ ಎಂದು ಕಂಪನಿ ಮೊದಲೇ ನಿಗದಿ ಮಾಡಿರುತ್ತದೆ, ಬಜೆಟ್ಟಿನಲ್ಲಿ ಆ ಅಂಕಿ ಇರುತ್ತದೆ. ಬಂದವರ ಜೇಬು ಖಾಲಿಯಿದೆಯೋ ತುಂಬಿದೆಯೋ ಎಂದು ತಿಳಿದುಕೊಂಡು ಆ ಅಂಕಿಯನ್ನು ಇಳಿಸುವುದಕ್ಕೆ ಸ್ಲಿಪ್ ಬಿಟ್ಟರೆ ಕಂಪನಿಗೆ ಬೇರೆ ದಾರಿಯಿಲ್ಲ.