ಲಿಥಿಯಂ ಸಿಕ್ಕಿತು, ಸಿಹಿನೀರಿನ ಲೆಕ್ಕವೆಲ್ಲಿ?

ಮೊಬೈಲಿನಿಂದ ಕಾರಿನವರೆಗೆ ಎಲ್ಲಕ್ಕೂ ಬ್ಯಾಟರಿಯೇ ಆಧಾರವಾಗಿರುವ ಈ ಕಾಲದಲ್ಲಿ ಲಿಥಿಯಂ ಎಂಬ ಹಗುರ ಲೋಹಕ್ಕಾಗಿ ಕಂಪೆನಿಗಳು ಆಂಡಿಸ್ ಪರ್ವತಗಳ ಉಪ್ಪು ಬಯಲುಗಳಿಗೆ ಮುಗಿಬಿದ್ದಿವೆ. ಚಿಲಿಯ ಅಟಕಾಮದಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ, ಕೊಳಗಳಲ್ಲಿ ವರ್ಷಕ್ಕೂ ಮಿಕ್ಕಿ ಬಿಸಿಲಿಗೆ ಒಣಗಿಸುತ್ತಾರೆ. ಆ ನೀರೆಲ್ಲ ಆವಿಯಾಗುತ್ತದೆ. ಇದಕ್ಕೆ ಪರ್ಯಾಯವೆಂದು ಈಗ ಕೊಂಡಾಡಲಾಗುತ್ತಿರುವುದೇ ಲಿಥಿಯಂ ಹೀರುವ ಕಣಗಳ ವಿಧಾನ. ಅಲ್ಯುಮಿನಿಯಂ ಹೈಡ್ರಾಕ್ಸೈಡಿನ ಪದರಗಳ ನಡುವೆ ಲಿಥಿಯಂ ಕ್ಲೋರೈಡ್ ಸೇರಿಕೊಳ್ಳುತ್ತದೆ. ಸೋಡಿಯಂ, ಮೆಗ್ನೀಷಿಯಂ ಹೊರಗುಳಿಯುತ್ತವೆ. ಉಳಿದ ಉಪ್ಪುನೀರನ್ನು ಮರಳಿ ಭೂಮಿಗೇ ಬಿಡಬಹುದು ಎಂಬುದು ವಾದ.

ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಕಣಗಳು ಹಿಡಿದಿಟ್ಟ ಲಿಥಿಯಂ ಅನ್ನು ಬಿಡಿಸಲು ಬೇಕಾಗುವುದು ಸಿಹಿನೀರು! ಆ ಒಣನೆಲದಲ್ಲಿ ಅದನ್ನು ಎಲ್ಲಿಂದ ತರುವುದು? (ಮ್ಯಾಂಗನೀಸ್ ಕಣಗಳನ್ನಾದರೆ ಆಮ್ಲದಲ್ಲಿ ತೊಳೆಯಬೇಕು, ತೊಳೆದಂತೆಲ್ಲ ಅವು ಕರಗುತ್ತ ಹೋಗುತ್ತವೆ.)

ಅರ್ಜೆಂಟೀನಾದ ಕಟಮಾರ್ಕ ಪ್ರಾಂತ್ಯದ ಹೊಂಬ್ರೆ ಮುಯೆರ್ತೊ ಬಯಲಿನಲ್ಲಿ 1990ರ ದಶಕದ ಕೊನೆಯಿಂದಲೇ ಈ ವಿಧಾನ ಬಳಕೆಯಲ್ಲಿದೆ, ಅದೂ ಒಣಗಿಸುವ ಕೊಳಗಳ ಜೊತೆಗೇ. ಟ್ರಾಪಿಚೆ ನದಿಯ ಹುಲ್ಲುಗಾವಲು ಒಣಗಿಹೋಯಿತೆಂದು ಅಲ್ಲಿನ ಮೂಲನಿವಾಸಿಗಳು ವರ್ಷಗಳಿಂದ ದೂರುತ್ತಿದ್ದಾರೆ. 2024ರ ಮಾರ್ಚ್‌ನಲ್ಲಿ ಪ್ರಾಂತ್ಯದ ನ್ಯಾಯಾಲಯವು, ಎಲ್ಲ ಯೋಜನೆಗಳ ಒಟ್ಟು ಪರಿಣಾಮದ ಅಧ್ಯಯನವಾಗುವವರೆಗೆ ಲಾಸ್ ಪಾಟೋಸ್ ನದಿ ಪ್ರದೇಶದಲ್ಲಿ ಹೊಸ ಅನುಮತಿ ಕೊಡಕೂಡದೆಂದು ಆದೇಶಿಸಿತು. ಸರಿಯಾದ ಆದೇಶ. ಒಂದೊಂದೇ ಯೋಜನೆಯನ್ನು ಬಿಡಿಯಾಗಿ ನೋಡಿದರೆ ನದಿಗೆ ಏನೂ ಆಗದಂತೆಯೇ ಕಾಣುತ್ತದೆ.

ಪ್ರತಿ ಟನ್ ಲಿಥಿಯಂಗೆ ಎಷ್ಟು ಸಿಹಿನೀರು ತೆಗೆಯಲಾಯಿತೆಂಬುದನ್ನು ಕಂಪೆನಿಗಳು ಬಹಿರಂಗಪಡಿಸಲಿ, ಮೊದಲು ಆ ನದಿಯ ದಡದವರಿಗೆ. ‘ನೀರು ಉಳಿಸುವ ತಂತ್ರಜ್ಞಾನ’ ಎಂಬ ಹಣೆಪಟ್ಟಿಯನ್ನು ಆಮೇಲೆ ಹಚ್ಚಿಕೊಳ್ಳಬಹುದು.