ಒಂಟಿ ನಾಣ್ಯದ ವಿಳಾಸ

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಲೋಹಶೋಧಕ ಯಂತ್ರ ಹಿಡಿದು ನಡೆಯುವ ಹವ್ಯಾಸಿಗಳಿಗೆ ಮೇಲಿಂದ ಮೇಲೆ ಸಿಗುವ ಪ್ರಾಚೀನ ವಸ್ತುಗಳಲ್ಲಿ ನಾಲ್ಕನೆಯ ಶತಮಾನದ ರೋಮನ್ ತಾಮ್ರದ ನಾಣ್ಯವೂ ಒಂದು. ಅಚ್ಚ ತಾಮ್ರವಲ್ಲ, ಮಿಶ್ರಲೋಹ. ಅಗಲ ಹೆಚ್ಚೆಂದರೆ ನಮ್ಮ ಹೆಬ್ಬೆರಳ ಉಗುರಿನಷ್ಟು. ಅಂಚು ಸವೆದು, ಮೈ ಹಸಿರುಗಟ್ಟಿ, ಎಷ್ಟೋ ಸಲ ಚಕ್ರವರ್ತಿಯ ಮುಖವೂ ಅಳಿಸಿಹೋಗಿರುತ್ತದೆ. ಇಂಥದನ್ನು ಮಾರಲು ಹೋದರೆ ಕೆಲವು ಪೌಂಡು ಹುಟ್ಟಿದರೆ ಹೆಚ್ಚು. ಆ ಹವ್ಯಾಸಿಗಳೇ ಇದನ್ನು ‘ಗ್ರಾಟ್’ ಎಂದು ಹೀಗಳೆಯುವುದುಂಟು. ಚರಿತ್ರೆಯ ಲೆಕ್ಕದಲ್ಲಿ ಮಾತ್ರ ಈ ಬಡ ನಾಣ್ಯ ಎಷ್ಟೋ ಚಿನ್ನದ ನಾಣ್ಯಗಳಿಗಿಂತ ಮಿಗಿಲೆಂಬುದು ನಮ್ಮ ಅಭಿಪ್ರಾಯ. ಆದರೆ ಅದು ಸಿಕ್ಕಿದ ಜಾಗ ದಾಖಲಾಗಿರಬೇಕು.

ನಿಧಿಯೆಂದರೆ ನಮಗೆ ನೆನಪಾಗುವುದು ಕೊಪ್ಪರಿಗೆ ಹೊನ್ನು, ಅದನ್ನು ಕಾಯುವ ಸರ್ಪ. ಆಂಗ್ಲರ ಕಾನೂನಿನ ಕಲ್ಪನೆಯೂ ಇದರಿಂದ ಬಹಳ ದೂರವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಅನ್ವಯಿಸುವ 1996ರ ನಿಧಿ ಕಾಯಿದೆಯ ಪ್ರಕಾರ, ಮುನ್ನೂರು ವರ್ಷಕ್ಕೆ ಮೇಲ್ಪಟ್ಟ ಚಿನ್ನ ಅಥವಾ ಬೆಳ್ಳಿಯ ನಾಣ್ಯಗಳು ಎರಡು ಒಟ್ಟಿಗೆ ಸಿಕ್ಕರೂ ನಿಧಿ. ತಾಮ್ರದವಾದರೆ ಹತ್ತಾದರೂ ಬೇಕು. ಒಂಟಿ ತಾಮ್ರದ ನಾಣ್ಯವನ್ನು ಸಾಮಾನ್ಯವಾಗಿ ಯಾರಿಗೂ ತೋರಿಸಬೇಕಾಗಿಲ್ಲ.

ಹೂತಿಟ್ಟ ಗಡಿಗೆಗೂ ಬಿದ್ದುಹೋದ ಬಿಡಿಕಾಸಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಗಡಿಗೆಯನ್ನು ಯಾರೋ ಉದ್ದೇಶವಿಟ್ಟು ಹೂತರು. ಅದು ಹೇಳುವುದು ಒಬ್ಬನ ಅಥವಾ ಒಂದು ಮನೆತನದ ಕಥೆ. ಬಿಡಿಕಾಸು ಅರಿವಿಲ್ಲದೆ ಜಾರಿದ್ದು. ಒಂದೇ ಹೊಲದಲ್ಲಿ ಇಂಥ ಮೂವತ್ತು ನಾಲ್ವತ್ತು ಬಿಡಿಕಾಸುಗಳು ವರ್ಷಗಳ ಅವಧಿಯಲ್ಲಿ ಸಿಕ್ಕವೆಂದರೆ ಅಲ್ಲೊಂದು ಸಂತೆಯೋ ಗುಡಿಯೋ ಹಳ್ಳಿಯೋ ಇದ್ದಿರಬಹುದು, ಗೋಡೆಯ ಗುರುತು ಒಂದೂ ಉಳಿಯದಿದ್ದರೂ. ಮುಖ ಅಳಿಸಿದ್ದರೂ ಕಾಲ ತಿಳಿಯಬಹುದು. ಇಬ್ಬರು ಸೈನಿಕರ ನಡುವೆ ಎರಡು ಧ್ವಜಸ್ತಂಭಗಳಿದ್ದರೆ ಅದು 330ರ ದಶಕದ ಮೊದಲರ್ಧದ್ದು. ಒಂದೇ ಇದ್ದರೆ ಅನಂತರದ್ದು. ಬಿದ್ದ ಕುದುರೆ ಸವಾರನನ್ನು ಈಟಿಯಿಂದ ಇರಿಯುವ ಯೋಧನಿದ್ದರೆ 348ರಿಂದೀಚಿನದು. 402ರ ಸುಮಾರಿಗೆ ಬ್ರಿಟನ್ನಿಗೆ ಹೊಸ ನಾಣ್ಯಗಳು ಬರುವುದೇ ನಿಂತಿತು. ರಿಚರ್ಡ್ ರೀಸ್ ಎಂಬ ವಿದ್ವಾಂಸರು ಬ್ರಿಟನ್ನಿನ ರೋಮನ್ ನಾಣ್ಯಗಳನ್ನು 21 ಕಾಲಾವಧಿಗಳಾಗಿ ವಿಂಗಡಿಸಿ ನೆಲೆನೆಲೆಗಳನ್ನು ಹೋಲಿಸುವ ಕ್ರಮ ಹಾಕಿಕೊಟ್ಟರು. ಆ ಹೋಲಿಕೆಗೆ ಬೇಕಾದದ್ದು ಚೆಲುವಾದ ನಾಣ್ಯವಲ್ಲ, ವಿಳಾಸವುಳ್ಳ ನಾಣ್ಯ.

(ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ಬೆಳಗುವ ನಮ್ಮಂಥವರ ಕೈಗೆ ಇಂಥದು ಸಿಕ್ಕದಿರುವುದೇ ಕ್ಷೇಮ. ಅಕ್ಷರ, ಆಕೃತಿಗಳು ಉಳಿದಿರುವುದು ಎಷ್ಟೋ ಸಲ ಆ ಹಸಿರು ಪದರದಲ್ಲಿಯೇ. ಹುಳಿ ತಗುಲಿದರೆ ಅದೂ ಹೋಯಿತು.)

1997ರಲ್ಲಿ ಆರಂಭವಾದ ‘ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್’ ಎಂಬ ಯೋಜನೆ, ಕಾನೂನು ಕೇಳದ ಇಂಥ ವಸ್ತುಗಳನ್ನು ಹವ್ಯಾಸಿಗಳು ತಾವಾಗಿಯೇ ತಂದು ತೋರಿಸಲೆಂದು ಹುಟ್ಟಿದ್ದು. ಜಿಲ್ಲೆಗಳಲ್ಲಿರುವ ಅಧಿಕಾರಿಗಳು ವಸ್ತುವನ್ನು ತೂಗಿ, ಅಳೆದು, ಚಿತ್ರ ತೆಗೆದು, ಜಾಗ ಬರೆದುಕೊಂಡು ಹಿಂದಿರುಗಿಸುತ್ತಾರೆ. ರಾತ್ರಿ ಬಂದು ಅಗೆಯುವ ಕಳ್ಳರಿಗೆ ದಾರಿ ತೋರಿದಂತಾಗಬಾರದೆಂದು ನಿಖರವಾದ ಜಾಗವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ಇಂದು ಆ ದಾಖಲೆಯಲ್ಲಿ ಹದಿನೈದು ಲಕ್ಷಕ್ಕೂ ಮಿಕ್ಕಿ ವಸ್ತುಗಳಿವೆ.

ಯಂತ್ರ ಹಿಡಿದವರೆಲ್ಲ ನಿಧಿಗಳ್ಳರೆಂದು ಮೂಗು ಮುರಿಯುವ ಪಂಡಿತರನ್ನು ನಾವು ಒಪ್ಪಲಾರೆವು. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಬಳಿ ಮೂರನೆಯ ಶತಮಾನದ ನಾಣ್ಯಗಳ ಗಡಿಗೆಯೊಂದರ ಮೇಲೆ ಒಬ್ಬ ಹವ್ಯಾಸಿಯ ಯಂತ್ರ ಕೂಗಿತು. ಆತ ತಾನೇ ಅಗೆದು ತೆಗೆಯದೆ ಪುರಾತತ್ತ್ವಜ್ಞರನ್ನು ಕರೆಸಿದ. ಅವರು ಪದರ ಪದರವಾಗಿ ಬಿಡಿಸಿದ್ದರಿಂದಲೇ 52,503 ನಾಣ್ಯಗಳು ಗಡಿಗೆಯಲ್ಲಿ ಯಾವ ಕ್ರಮದಲ್ಲಿದ್ದುವೆಂದು ತಿಳಿಯಿತು. ಉತ್ತ ಮಣ್ಣಿನಲ್ಲಿ ನೇಗಿಲು ಆಗಲೇ ಪದರಗಳನ್ನು ಕಲಸಿರುತ್ತದೆ; ಅಲ್ಲಿನ ಬಿಡಿಕಾಸನ್ನು ಎತ್ತಿಕೊಳ್ಳದೆ ಬಿಟ್ಟರೆ ಗೊಬ್ಬರದ ರಸಾಯನಗಳು ಅದನ್ನು ತಿನ್ನುತ್ತ ಹೋಗುತ್ತವೆ.

ಸ್ಕಾಟ್ಲೆಂಡಿನಂತೆ ಸಿಕ್ಕಿದ್ದನ್ನೆಲ್ಲ ವರದಿ ಮಾಡಲೇಬೇಕೆಂಬ ನಿಯಮ ಇಂಗ್ಲೆಂಡಿಗೂ ಬರಲೆಂಬ ವಾದವಿದೆ. ನಮಗೆ ಅದರಲ್ಲಿ ಅಷ್ಟು ನಂಬಿಕೆಯಿಲ್ಲ. ನಮ್ಮಲ್ಲಿ 1878ರಿಂದಲೂ ಹತ್ತು ರೂಪಾಯಿ ಮೀರಿದ ನಿಧಿಯನ್ನು ಕಲೆಕ್ಟರಿಗೆ ತಿಳಿಸಬೇಕೆಂಬ ಕಾಯಿದೆಯಿದೆ. ಫಲವನ್ನು ನೋಡಲು ತಮಿಳುನಾಡಿನ ಕರೂರಿಗೆ ಹೋದರೆ ಸಾಕು. ಅಲ್ಲಿನ ಅಮರಾವತಿ ನದಿಯ ಮರಳಿನಲ್ಲಿ ಇದೇ ನಾಲ್ಕನೆಯ ಶತಮಾನದ ಇದೇ ಜಾತಿಯ ರೋಮನ್ ತಾಮ್ರದ ನಾಣ್ಯಗಳು ಹೇರಳವಾಗಿ ಸಿಕ್ಕಿವೆ. ಪತ್ರಿಕಾ ಸಂಪಾದಕರಾಗಿದ್ದ ಆರ್. ಕೃಷ್ಣಮೂರ್ತಿಯವರು ಶ್ರದ್ಧೆಯಿಂದ ಸಂಗ್ರಹಿಸಿ 1994ರಲ್ಲಿ ಪುಸ್ತಕ ಮಾಡಿದ್ದರಿಂದ ಅಷ್ಟಾದರೂ ಉಳಿಯಿತು. ಅವು ತಮಿಳು ನೆಲದ ಸಂತೆಗಳಲ್ಲಿ ಚಿಲ್ಲರೆಯಾಗಿ ಓಡಾಡಿದುವೆ, ಬರಿಯ ಲೋಹವೆಂದು ಬಂದುವೆ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ಯಾವುದು ಎಲ್ಲಿ, ಯಾವುದರ ಜೊತೆಗೆ ಸಿಕ್ಕಿತೆಂದು ಗೊತ್ತಿರಬೇಕು. ಬಹುಪಾಲಿಗೆ ಆ ವಿವರವೇ ಇಲ್ಲ.

ಆದ್ದರಿಂದ ಇಂಗ್ಲೆಂಡಿನವರು ಶಿಕ್ಷೆಯ ಕಲಮುಗಳನ್ನು ಹೆಚ್ಚಿಸುವುದಕ್ಕಿಂತ, ಒಂಟಿ ನಾಣ್ಯ ತಂದವನನ್ನು ಕೂರಿಸಿ ಮಾತನಾಡಿಸುವ ಅಧಿಕಾರಿಗಳನ್ನು ಹೆಚ್ಚಿಸುವುದು ಮೇಲು. ಇಡೀ ಯೋಜನೆಗೆ ಅಂಥವರು ಇರುವುದು ಸುಮಾರು 40 ಮಂದಿ.